ಪುಣೆಯ ರಸ್ತೆಗೆ, ಹದಿನೆಂಟರ ಕೈಗೆ: ಹಳೆಯ ಆಕ್ಟಿವಾ 5ಜಿ

ಗಾಡಿ: ಹೋಂಡಾ ಆಕ್ಟಿವಾ 5ಜಿ, 2018ರದ್ದು, ಸೆಕೆಂಡ್ ಹ್ಯಾಂಡ್. ತಗೊಂಡಾಗ ಮೀಟರ್ 31 ಸಾವಿರ, ಈಗ 49 ಸಾವಿರ. ಓಡಿಸುವವಳು ಲೈಸೆನ್ಸ್ ಆಗಷ್ಟೇ ಕೈಗೆ ಬಂದಿದ್ದ ಕಾಲೇಜು ಹುಡುಗಿ, ದಾರಿ ಕಾತ್ರಜ್‌ನಿಂದ ಡೆಕ್ಕನ್. ಮೂರು ಮಳೆಗಾಲ ಕಳೆದ ಮೇಲೆ ಹೇಳುವುದಾದರೆ, ಎಂಜಿನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 109 ಸಿಸಿಯ ಆ ಎಂಜಿನ್‌ಗೆ ಹೊತ್ತಿಗೆ ಸರಿಯಾಗಿ ಆಯಿಲ್ ಬಿದ್ದರೆ ಸಾಕು. ದುಡ್ಡು ಹೋಗಬೇಕಾದ್ದು ಗಾಡಿ ನಿಲ್ಲುವ ಕಡೆಗೆ ಮತ್ತು ತಿರುಗುವ ಕಡೆಗೆ. ಮಾರುವವರು ಖರ್ಚು ಮಾಡುವುದು ಪಾಲಿಶ್, ಸೀಟ್ ಕವರ್, ಮ್ಯಾಟಿಗೆ.

ಮೊದಲು ವಯಸ್ಸು. ಗೇರ್ ಇಲ್ಲದ ಗಾಡಿಯನ್ನು ಹದಿನಾರಕ್ಕೇ ಓಡಿಸಬಹುದು ಅನ್ನುವುದು ಅರ್ಧ ಮಾತು. 16ಕ್ಕೆ ಸಿಗುವ ಲೈಸೆನ್ಸ್ 50 ಸಿಸಿವರೆಗಿನ ಗಾಡಿಗೆ ಮಾತ್ರ. ಆಕ್ಟಿವಾಗೆ 18 ತುಂಬಲೇಬೇಕು. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಎದುರು ಮನೆ ಹುಡುಗ ಓಡಿಸುತ್ತಾನಲ್ಲ ಅನ್ನುವ ವಾದಕ್ಕೆ ಇಷ್ಟು ಸಾಕು.

ಊರಿನಿಂದ ಕೆಎ ನಂಬರಿನ ಗಾಡಿ ತರುವವರು ಪುಣೆಯ ಕನ್ನಡಿಗರಾದ ನಮ್ಮಲ್ಲಿ ಬಹಳ. 12 ತಿಂಗಳು ಮೀರಿ ಇಲ್ಲೇ ಇಟ್ಟುಕೊಂಡರೆ ಎಂಎಚ್ ನಂಬರ್ ಮಾಡಿಸಬೇಕು. ಅದಕ್ಕೆ ಊರಿನ ಆರ್‌ಟಿಓದಿಂದ ಎನ್‌ಓಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ಬೇಕು. ಬರುವಾಗಲೇ ತಂದರೆ ಇನ್ನೊಂದು ಸಲ ಊರಿಗೆ ಓಡುವುದು ತಪ್ಪುತ್ತದೆ. ಇನ್ಶೂರೆನ್ಸ್ ಹೆಸರನ್ನೂ ಬದಲಿಸಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಅವರ ಜೊತೆಗೇ ಹೋಗುತ್ತದೆ, ಗಾಡಿಯ ಜೊತೆ ಬರುವುದಿಲ್ಲ.

ಪುಣೆಯಲ್ಲಿ ಹಳೆ ಗಾಡಿ ನೋಡುವಾಗ, ಅದು ನೀರಲ್ಲಿ ಮುಳುಗಿತ್ತೇ ಎಂದು ನೋಡಲೇಬೇಕು. 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾನಗರಿಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಭಿಡೆ ಸೇತುವೆ, ನದೀಪಾತ್ರದ ರಸ್ತೆ ಮುಳುಗುತ್ತವೆ. ಸೀಟ್ ಕೆಳಗಿನ ಡಿಕ್ಕಿಯ ಬಕೆಟ್ ಬಿಚ್ಚಿಸಿ; ಫ್ರೇಮಿನ ಮೂಲೆಗಳಲ್ಲಿ ಹಿಟ್ಟಿನಂಥ ನುಣ್ಣನೆ ಕೆಸರು ಒಣಗಿ ಕೂತಿದ್ದರೆ ಗಾಡಿ ಮುಳುಗಿ ಎದ್ದದ್ದು. ಹಿಂದಿನ ಚಕ್ರದ ಬಳಿಯ ಗೇರ್ ಪೆಟ್ಟಿಗೆಯ ಆಯಿಲ್ ಒಂದು ಚಮಚ ಬಸಿದು ನೋಡಿ. ಹಾಲು ಬೆರೆಸಿದ ಚಹಾದ ಬಣ್ಣ ಇದ್ದರೆ ಒಳಗೆ ನೀರು ಹೋಗಿದೆ, ಚೌಕಾಸಿ ಬೇಡ, ಎದ್ದು ಬನ್ನಿ.

ಈಗ ಬ್ರೇಕ್. ಎರಡೂ ಕಡೆ 130 ಮಿ.ಮೀ. ಡ್ರಮ್. ಎಡ ಲಿವರ್ ಹಿಡಿದರೆ ಹಿಂದಿನದರ ಜೊತೆ ಮುಂದಿನದೂ ಹಿಡಿಯಬೇಕು, ಸಿಬಿಎಸ್ (ಜೋಡಿ ಬ್ರೇಕ್ ವ್ಯವಸ್ಥೆ) ಅಂದರೆ ಅದೇ. ಹಳೆ ಗಾಡಿಗಳಲ್ಲಿ ಆ ಜೋಡಣೆಯ ಕೇಬಲ್ ತುಕ್ಕು ಹಿಡಿದು, ಎಡ ಲಿವರ್ ಬರೀ ಹಿಂದಿನ ಚಕ್ರವನ್ನು ಹಿಡಿಯುತ್ತದೆ. ಹೊಸಬರು ಗಾಬರಿಯಲ್ಲಿ ಎಡವನ್ನೇ ಜೋರಾಗಿ ಒತ್ತುತ್ತಾರೆ, ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿಯ ಬಾಲ ಜಾರುತ್ತದೆ. ಪರೀಕ್ಷೆ ಸುಲಭ: ಡಬಲ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದೆ ಒತ್ತಿ ಮುಂದಿನ ಚಕ್ರ ಎತ್ತಿ ಹಿಡಿಯಲಿ. ಕೈಯಿಂದ ಚಕ್ರ ತಿರುಗಿಸಿ ಎಡ ಲಿವರ್ ಒತ್ತಿ. ನಿಲ್ಲದಿದ್ದರೆ ಕೇಬಲ್ ಬದಲಿಸಿ, ಆಯಿಲ್ ಬಿಟ್ಟು ಸಡಿಲ ಮಾಡಿಸುವುದು ನಾಲ್ಕು ದಿನದ ಉಪಾಯ.

ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಲೈನರ್ ಬಿಚ್ಚಿದಾಗ, ಅದನ್ನು ಅಗಲಿಸುವ ಬ್ರೇಕಿನ ಕ್ಯಾಮ್ ಕೂಡ ಹೊರತೆಗೆದು ಒರೆಸಿ, ತೆಳ್ಳಗೆ ಗ್ರೀಸ್ ಸವರಿಸಿ. ಅದು ಬಿಗಿಯಾದರೆ ಲಿವರ್ ಬಿಟ್ಟರೂ ಬ್ರೇಕ್ ಪೂರ್ತಿ ಬಿಡುವುದಿಲ್ಲ. ಡ್ರಮ್ ಬಿಸಿಯಾಗುತ್ತದೆ, ಮೈಲೇಜ್ ಬೀಳುತ್ತದೆ. ಗ್ರೀಸ್ ಜಾಸ್ತಿಯಾಗಿ ಲೈನರಿಗೆ ತಗುಲಿದರೆ ಆ ಲೈನರ್ ಕಸಕ್ಕೆ. ಲಿವರ್ ಆಟ, ಅಂದರೆ ಬ್ರೇಕ್ ಹಿಡಿಯುವ ಮೊದಲು ಲಿವರ್ ಸುಮ್ಮನೆ ಚಲಿಸುವ ದೂರ, 10ರಿಂದ 20 ಮಿ.ಮೀ. ಇರಲಿ. ಸಣ್ಣ ಕೈಯವರಿಗೆ 10ರ ಹತ್ತಿರ ಅಲ್ಲ, 20ರ ಹತ್ತಿರ ಇಟ್ಟರೆ ಒಳ್ಳೆಯದು. ಲಿವರ್ ಬೆರಳಿಗೆ ಹತ್ತಿರ ಬಂದ ಮೇಲೆ ಬ್ರೇಕ್ ಕಚ್ಚುತ್ತದೆ.

ಮುಂಭಾಗ ಎರಡನೆಯದು. 5ಜಿಯಲ್ಲಿ ಹಳೆಯ ಬಾಟಮ್ ಲಿಂಕ್ ಸಸ್ಪೆನ್ಶನ್ (ಚಕ್ರವನ್ನು ಸಣ್ಣ ತೋಳಿನ ಮೇಲೆ ಹಿಡಿದಿಡುವಂಥದ್ದು), ಕೊಳವೆಯೊಳಗೆ ಕೊಳವೆ ಜಾರುವ ಟೆಲಿಸ್ಕೋಪಿಕ್ ಬಂದದ್ದು ಮುಂದಿನ ಮಾದರಿ 6ಜಿಗೆ. ಲಿಂಕಿನ ಬುಶ್ ಸವೆದರೆ ಪ್ರತಿ ಸ್ಪೀಡ್ ಬ್ರೇಕರಿಗೂ ಟಕ್ ಅನ್ನುತ್ತದೆ, ಪುಣೆಯಲ್ಲಿ ಅಂದರೆ ಪ್ರತಿ ನಿಮಿಷಕ್ಕೂ. ಚಕ್ರ ಎತ್ತಿ ಹ್ಯಾಂಡಲ್ ಮೆಲ್ಲಗೆ ಆಚೀಚೆ ತಿರುಗಿಸಿದಾಗ ನಟ್ಟನಡುವೆ ತೊಡಕಿ ನಿಂತರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ನಟ್ ಬಿಗಿ ಮಾಡಿದರೆ ಸರಿಹೋಗುತ್ತದೆ ಎಂದು ಗ್ಯಾರೇಜಿನಲ್ಲಿ ಹೇಳುತ್ತಾರೆ, ಒಪ್ಪಬೇಡಿ. ಗುಳಿ ಬಿದ್ದ ಕೋನ್ ಬಿಗಿಯಾದಷ್ಟೂ ಗಾಡಿ ನೇರ ಹೋಗಲು ಒಪ್ಪದೆ ಹಟ ಮಾಡುತ್ತದೆ. ಬುಶ್, ಕೋನ್ ಎರಡನ್ನೂ ಒಂದೇ ದಿನ ಮಾಡಿಸಿದರೆ ಮುಂಭಾಗ ಎರಡು ಸಲ ಬಿಚ್ಚುವ ಕೂಲಿ ಉಳಿಯುತ್ತದೆ. ಸ್ಪೇರ್ ಎಲ್ಲ ಪುಣೆಯ ‘ನಾನಾ ಪೇಟೆ’ ಬಡಾವಣೆಯಲ್ಲಿ ಸಿಗುತ್ತವೆ. ಬ್ರೇಕ್ ಮತ್ತು ಕೋನ್ ಸೆಟ್ ಮಾತ್ರ ಕಂಪನಿಯದ್ದೇ ತನ್ನಿ.

ಟೈರ್ 90/100-10, ಹಿಂದೆ ಮುಂದೆ ಒಂದೇ ಅಳತೆ. ಟೈರಿನ ಮಗ್ಗುಲಲ್ಲಿರುವ ನಾಲ್ಕಂಕಿ ಓದಿ: 3218 ಅಂದರೆ 2018ರ 32ನೇ ವಾರ. ಗೆರೆ ಎಷ್ಟೇ ಚೆನ್ನಾಗಿದ್ದರೂ ಅಷ್ಟು ಹಳೆಯ ರಬ್ಬರ್ ಕಲ್ಲಾಗಿರುತ್ತದೆ. ಗಾಳಿ ಮುಂದೆ 22 ಪಿಎಸ್ಐ, ಹಿಂದೆ 29, ಇಬ್ಬರು ಕೂತರೆ ಹಿಂದೆ 36. ಪೆಟ್ರೋಲ್ ಬಂಕಿನ ಹುಡುಗರು ಕೇಳದೆ ಎರಡಕ್ಕೂ 35 ತುಂಬುತ್ತಾರೆ; ಬಾಯಿಬಿಟ್ಟು ಹೇಳಬೇಕು.

ಹೊರಡುವಾಗ ಗಾಡಿ ನಡುಗಿದರೆ ಎಂಜಿನ್ ಅನ್ನು ದೂರಬೇಡಿ. ಕ್ಲಚ್ ಬಟ್ಟಲಿನ ಒಳಮೈ ಹೊಳಪೇರಿದೆ, ಸ್ಯಾಂಡ್ ಪೇಪರಿನಿಂದ ಉಜ್ಜಿ, ಶೂಗಳ ಧೂಳು ತೆಗೆದರೆ ನಿಲ್ಲುತ್ತದೆ. ಅಷ್ಟು ಬಿಚ್ಚಿದ ಮೇಲೆ, ಎಂಜಿನ್ನಿನ ಎಳೆತವನ್ನು ಹಿಂದಕ್ಕೆ ಒಯ್ಯುವ ಬೆಲ್ಟ್ ಮತ್ತು ಮುಂದಿನ ಪುಲಿಯೊಳಗಿನ ರೋಲರ್ ಕೂಡ ನೋಡಿ. ರೋಲರ್ ಒಂದು ಮಗ್ಗುಲು ಚಪ್ಪಟೆಯಾಗಿದ್ದರೆ ಪಿಕಪ್ ಹೋಗುತ್ತದೆ, ಕಾತ್ರಜ್ ಏರಿನಲ್ಲಿ ಗೊತ್ತಾಗುತ್ತದೆ. ಹೊಸ ಬೆಲ್ಟ್ ಹಾಕುವಾಗ ಹಿಂದಿನ ಪುಲಿಯನ್ನು ಅಗಲಿಸಿ ಬೆಲ್ಟನ್ನು ಆಳಕ್ಕೆ ಒತ್ತಬೇಕು. ಹಾಗೆ ಮಾಡದಿದ್ದರೆ ಮುಂದಿನ ಪುಲಿಯ ತಟ್ಟೆ ಬೆಲ್ಟಿನ ಮೇಲೆಯೇ ಕೂತು, ನಟ್ ಬಿಗಿಯಾದಂತೆ ತೋರಿ, ನಾಲ್ಕು ದಿನದಲ್ಲಿ ಸಡಿಲಾಗುತ್ತದೆ. ಕೆಲಸ ಮಾಡಿಸುವಾಗ ಪಕ್ಕದಲ್ಲಿ ನಿಂತು ನೋಡಬೇಕಾದದ್ದು ಇದೊಂದೇ.

ಎಂಜಿನ್ ಆಯಿಲ್ 10ಡಬ್ಲ್ಯೂ-30 ದರ್ಜೆಯದ್ದು, ಬಸಿದು ಹಾಕಿದರೆ 700 ಮಿ.ಲೀ. ಸಾಕು. ಇಡೀ ಡಬ್ಬಿ ಸುರಿದರೆ ಹೆಚ್ಚಾದದ್ದು ಏರ್ ಫಿಲ್ಟರಿನತ್ತ ಹೋಗುತ್ತದೆ. ಆ ಫಿಲ್ಟರ್ ಎಣ್ಣೆ ಹೀರಿದ ಕಾಗದದ್ದು, ಗಾಳಿ ಊದುವ ಹಾಗಿಲ್ಲ, ಬದಲಿಸುವುದಷ್ಟೇ. ಪರೀಕ್ಷೆ ರಜೆಯಲ್ಲಿ ಎರಡು ತಿಂಗಳು ನಿಂತ ಗಾಡಿ ಸ್ಟಾರ್ಟ್ ಆಗದಿದ್ದರೆ ಕಾರ್ಬ್ಯುರೇಟರಿನ ಹಳೆ ಪೆಟ್ರೋಲ್ ಬಸಿದು ಅದರೊಳಗಿನ ಸಣ್ಣ ತೂತಿನ ಸ್ಲೋ ಜೆಟ್ ಸ್ವಚ್ಛ ಮಾಡಿಸಿ; ಸೆಲ್ಫ್ ಒತ್ತೊತ್ತಿ ಬ್ಯಾಟರಿ ಕೊಲ್ಲಬೇಡಿ.

ಸ್ಪೀಡ್ ತಡೆಯಲು ಆಕ್ಸಿಲರೇಟರ್ ಕೇಬಲ್ ಸಡಿಲಿಸಿಡುವ ಅಪ್ಪಂದಿರಿದ್ದಾರೆ. ಆಟ 2ರಿಂದ 6 ಮಿ.ಮೀ. ಇರಬೇಕು, ಅದಕ್ಕಿಂತ ಹೆಚ್ಚಾದರೆ ಗಾಡಿ ತಡವಾಗಿ ಎಳೆಯುತ್ತದೆ. ಸಿಗ್ನಲ್ ಬಿಟ್ಟಾಗ ಹಿಂದೆ ಪಿಎಂಪಿ ಬಸ್ ಇರುವಾಗ ಅದು ಬೇಡದ ಅಪಾಯ.

ಇಷ್ಟೆಲ್ಲ ಆದ ಮೇಲೂ ಒಂದು ಕೊರತೆ ಉಳಿಯುತ್ತದೆ: ಹತ್ತಿಂಚಿನ ಮುಂದಿನ ಚಕ್ರ. ಗುಂಡಿಗೆ ಪೂರ್ತಿ ಇಳಿಯುತ್ತದೆ. ಬಜೆಟ್ ಹಿಗ್ಗಿದರೆ 12 ಇಂಚಿನ 6ಜಿಯನ್ನೇ ಹುಡುಕಿ. ಇಲ್ಲವಾದರೆ 5ಜಿ ತಗೊಂಡು ಉಳಿದ ದುಡ್ಡಿನಲ್ಲಿ ಮೊದಲು ಎರಡು ಹೊಸ ಟೈರ್, ಆಮೇಲೆ ತಲೆಯ ಸುತ್ತಳತೆ ಟೇಪಿನಲ್ಲಿ ಅಳೆದು ಐಎಸ್ಐ ಗುರುತಿನ ಹೆಲ್ಮೆಟ್.