ಕೋವಿಯ ಬಾಯಿಗೆ ಬಟ್ಟೆ ತುರುಕಿ ಇಡುವವರೇ, ಸ್ವಲ್ಪ ಇತ್ತ ಕೇಳಿ

ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಪರವಾನಗಿಯ ಕೋವಿ ಇರುವ ಮನೆಗಳಲ್ಲಿ ಒಂದು ಕೆಲಸ ಆಗಿಯೇ ಆಗುತ್ತದೆ. ಹಳೆ ಬನಿಯನ್ನಿನ ತುಂಡಿಗೆ ತೆಂಗಿನೆಣ್ಣೆ ಹಚ್ಚಿ, ಉಂಡೆ ಕಟ್ಟಿ, ನಳಿಗೆಯ ಬಾಯಿಗೆ ಹೆಬ್ಬೆರಳಿನಿಂದ ಒತ್ತಿ ತುರುಕಿ ಕೋವಿಯನ್ನು ಅಟ್ಟದ ಮೂಲೆಯಲ್ಲಿ ನಿಲ್ಲಿಸುವುದು. ತಂಡಿ ಹೋಗಬಾರದು, ಕುಂಬಾರ ಹುಳ ಒಳಗೆ ಮಣ್ಣಿನ ಗೂಡು ಕಟ್ಟಬಾರದು ಅಂತ. ಉದ್ದೇಶ ಸರಿಯೇ. ಆದರೆ ಅಂಥದ್ದೇ ಒಂದು ಬನಿಯನ್ನಿನ ತುಂಡಿನಿಂದಾಗಿ ನನ್ನ ಎಡ ಮುಂಗೈಯೊಳಗೆ ಉಕ್ಕಿನ ಚೂರು ಹೊಕ್ಕಿತು. ಕೋವಿ ನನ್ನದಲ್ಲ. ನಾನು ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತವನು, ಅಷ್ಟೇ.

ಹೊರಗಿನವರಿಗೆ ಒಂದು ಮಾತು: ಇದು ಬೇಟೆಯ ಕಥೆ ಅಲ್ಲ. ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಈಗ ಅವಕಾಶವಿಲ್ಲ. ಇಲ್ಲಿ ಇರುವುದು ಬೆಳೆ ರಕ್ಷಣೆಯ ಕೋವಿ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೆ ವಹಿಸಿತು. ವಿಷ, ಸ್ಫೋಟಕ, ಕರೆಂಟು ಇದ್ಯಾವುದನ್ನೂ ಬಳಸುವ ಹಾಗಿಲ್ಲ. ಹಾಗಾಗಿ ಪರವಾನಗಿ ಇರುವ ಕೋವಿಯವರಿಗೆ ಬೇಡಿಕೆ ಬಂತು. ಬಾಳೆ, ಮರಗೆಣಸು, ಎಳೆ ಅಡಿಕೆ ಸಸಿ, ಹಂದಿ ನುಗ್ಗಿದ ಮರುದಿನ ತೋಟ ನೋಡಿದವರಿಗೆ ಆ ಬೇಡಿಕೆ ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ನೆರೆಮನೆಯ ಹಿರಿಯರ ಹತ್ತಿರ ಒಂಟಿ ನಳಿಗೆಯ 12 ಬೋರ್ ತೋಟೆ ಕೋವಿ (ಕಾರ್ಟ್ರಿಜ್ ಹಾಕಿ ಹೊಡೆಯುವಂಥದ್ದು) ಇತ್ತು. 2024ರ ಲೋಕಸಭಾ ಚುನಾವಣೆಗೆ ಎಲ್ಲರ ಹಾಗೆ ಅವರೂ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಟ್ಟರು. ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. ನೀತಿ ಸಂಹಿತೆ ಮುಗಿದು ಕೋವಿ ಕೈಗೆ ಬರುವಾಗ ಮಳೆ ಹಿಡಿದಿತ್ತು. ಹಂದಿ ಇಳಿಯುವ ಹೊತ್ತಿಗೆ ಕೋವಿ ಇಲ್ಲ, ಕೋವಿ ಬರುವಾಗ ಮಳೆ. ಈ ಗೋಳು ಇಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಕೊಡುವ ಮೊದಲು ಅವರು ಬಾಯಿಗೆ ಬಟ್ಟೆ ತುರುಕಿದ್ದರು, ಠಾಣೆಯ ಕೋಣೆ ಒದ್ದೆ ಅಂತ. ಕೋವಿ ಹಾಗೆಯೇ ಹೋಗಿ ಹಾಗೆಯೇ ಬಂತು, ಮತ್ತೆ ಅಟ್ಟ ಹತ್ತಿತು.

ಆ ರಾತ್ರಿ ಮಳೆ ಹೊಳವಾಗಿತ್ತು. ಕೆಳಗಿನ ಬಾಳೆತೋಟದಲ್ಲಿ ಹಂದಿಗಳ ಸದ್ದು. ಪಂಚಾಯತಿನ ಆದೇಶ ಕೈಯಲ್ಲಿತ್ತು. ಅವರು ಜಗಲಿಯಲ್ಲಿ ನಿಂತು ಬಟ್ಟೆಯನ್ನು ಎಳೆದರು; ಎಣ್ಣೆಗೆ ಕಪ್ಪಾದ ಒಂದು ತುಂಡು ಬಂತು, ಅಂಗಳಕ್ಕೆ ಎಸೆದರು. ಒಳಗೆ ಇನ್ನೊಂದು ತುಂಡು ಉಳಿದಿತ್ತು. ಬಟ್ಟೆ ನಡುವೆ ಕುಂಬಾಗಿ ಹರಿದಿತ್ತು, ಕೆಳಗಿನ ಅರ್ಧ ತುಕ್ಕಿಗೆ ಅಂಟಿ ಅಲ್ಲೇ ಕೂತಿತ್ತು. ನಳಿಗೆಯ ಹಿಂಬದಿ ತೆರೆಯುವ ಹಾಗೆ ಕೋವಿ ಮಡಚಿದರು, ತೋಟೆ ಹಾಕಿದರು, ಮುಚ್ಚಿದರು. ಮಡಚಿದ ಹೊತ್ತಿಗೆ ಹಿಂಬದಿಯಿಂದ ಒಮ್ಮೆ ಕಣ್ಣಿಟ್ಟು ನೋಡಿದ್ದರೆ ಮುಗಿದಿತ್ತು.

ಕಟ್ಟಪುಣಿಯ (ಬದುವಿನ) ಮೇಲೆ ನಾನು ಅವರ ಎಡಕ್ಕೆ, ಅರ್ಧ ಹೆಜ್ಜೆ ಮುಂದೆ ನಿಂತು ಟಾರ್ಚ್ ಬಿಟ್ಟೆ. ಈಡಿನ ಸದ್ದು ನಮಗೆಲ್ಲ ಪರಿಚಯದ್ದೇ. ಇದು ಹಾಗಿರಲಿಲ್ಲ. ಒಂದರ ಮೇಲೊಂದು ಎರಡು ಸದ್ದು, ಎರಡನೆಯದು ಹರಿದ ಹಾಗೆ. ಟಾರ್ಚ್ ಕೈಯಿಂದ ಹೋಯಿತು. ನೋವು ಆಗ ಇರಲಿಲ್ಲ, ಅಂಗಿಯ ತೋಳು ಬಿಸಿಯಾಯಿತು ಅಷ್ಟೆ. ಅವರು "ಎಂತ ಆಯ್ತು, ಎಂತ ಆಯ್ತು" ಅಂತ ಕೂಗುತ್ತಿದ್ದರು, ನಾನು ಹೇಳಿದ್ದು ಅವರಿಗೆ ಕೇಳುತ್ತಿರಲಿಲ್ಲ. ಇವತ್ತಿಗೂ ಅವರ ಒಂದು ಕಿವಿ ಮಂದ.

ಮಂಗಳೂರಿನಲ್ಲಿ ಕೈ ಕೊಯ್ದು ಚೂರು ತೆಗೆದರು. ಉಗುರಿನಷ್ಟು ಉಕ್ಕು, ಅದರ ಮೇಲೆ ಗುರಿ ನೋಡುವ ಹಿತ್ತಾಳೆಯ ಮಣಿ ಇನ್ನೂ ಕೂತಿತ್ತು! ನಳಿಗೆಯನ್ನು ನಾನು ಆಮೇಲೆ ನೋಡಿದೆ. ಬಾಯಿಂದ ಗೇಣು ಕೆಳಗೆ ಬಳೆಯ ಹಾಗೆ ಸುತ್ತಲೂ ಉಬ್ಬು, ಅಲ್ಲಿಂದ ಮೇಲಕ್ಕೆ ಮೂರು ಪಟ್ಟಿಗಳಾಗಿ ಸೀಳಿ ಹೊರಗೆ ಸುರುಟಿಕೊಂಡಿತ್ತು. ಒಂದು ಪಟ್ಟಿಯ ಒಳಮೈಯ ತುಕ್ಕಿನಲ್ಲಿ ಬನಿಯನ್ನಿನ ಹೆಣಿಗೆ ಎಳೆ ಎಳೆಯಾಗಿ ಅಚ್ಚೊತ್ತಿತ್ತು. ಯಾರ ಊಹೆಯೂ ಬೇಕಿರಲಿಲ್ಲ.

ಆದರೂ ಊರಿನಲ್ಲಿ ವಾದ ನಿಲ್ಲಲಿಲ್ಲ. "ಬಟ್ಟೆಗೆ ಎಷ್ಟು ತೂಕ ಉಂಟು ಮಾರಾಯ, ಈಡು ಅದನ್ನು ಹಾರಿಸಿಕೊಂಡು ಹೋಗ್ತದೆ" ಅಂತ ಎದುರಿಗೇ ಹೇಳಿದವರಿದ್ದಾರೆ, ನನ್ನ ಕೈಯ ಪಟ್ಟಿ ನೋಡಿಕೊಂಡೇ. ತೂಕದ ಪ್ರಶ್ನೆ ಅಲ್ಲ, ವೇಗದ ಪ್ರಶ್ನೆ. ತೋಟೆ ಹೊತ್ತಿದಾಗ ಅದು ಕೂತಿರುವ ನಳಿಗೆಯ ಹಿಂಬದಿಯ ಕೋಣೆಯಲ್ಲಿ ಒಂದು ಚದರ ಇಂಚಿಗೆ 10,000 ಪೌಂಡಿನ ಆಸುಪಾಸು ಒತ್ತಡ ಏಳುತ್ತದೆ. ಕಾರಿನ ಟಯರಿನಲ್ಲಿ ಇರುವುದು 30ರ ಸುತ್ತ. ಅದನ್ನು ತಾಳಲು ಅಲ್ಲಿ ಲೋಹ ದಪ್ಪ. ಚರೆ, ಅಂದರೆ ತೋಟೆಯೊಳಗಿನ ಸಣ್ಣ ಗುಂಡುಗಳು, ಮುಂದೆ ಹೋದ ಹಾಗೆ ಒತ್ತಡ ಇಳಿಯುತ್ತದೆ, ಅದಕ್ಕೆ ತಕ್ಕ ಹಾಗೆ ನಳಿಗೆಯನ್ನು ತೆಳು ಮಾಡುತ್ತ ಹೋಗಿರುತ್ತಾರೆ. ಬಾಯಿಯ ಹತ್ತಿರ ಒಂದು ಮಿಲಿಮೀಟರ್ ಆಚೀಚೆ. ಇಲ್ಲದಿದ್ದರೆ ಎತ್ತಿ ಹಿಡಿಯಲಿಕ್ಕೆ ಆಗದು. ಈಗ ಸೆಕೆಂಡಿಗೆ 350-400 ಮೀಟರ್ ವೇಗದಲ್ಲಿ ಬರುವ ಚರೆಯ ಗಟ್ಟಿಗೆ ಆ ತೆಳು ಜಾಗದಲ್ಲಿ ಏನೋ ಅಡ್ಡ ಸಿಗುತ್ತದೆ. ಅಡ್ಡ ಇದ್ದದ್ದು ಅದೇ ಕ್ಷಣಕ್ಕೆ ಅದೇ ವೇಗ ಹಿಡಿಯಲಾರದು. ಮುಂದಿನ ಚರೆ ತಡೆಯುತ್ತದೆ, ಹಿಂದಿನದು ಬಂದು ಒತ್ತುತ್ತದೆ, ಒತ್ತಡ ಪಕ್ಕಕ್ಕೆ ತಿರುಗುತ್ತದೆ. ಅದೃಷ್ಟ ಇದ್ದರೆ ಉಬ್ಬು, ಇಲ್ಲದಿದ್ದರೆ ಸೀಳು. ಬಟ್ಟೆ, ಕೆಸರು, ಹುಳದ ಗೂಡು ಯಾವುದಾದರೂ ಆದೀತು. 1996ರಲ್ಲಿ ಡೊಮಿನಿಕನ್ ಗಣರಾಜ್ಯದ ಬಳಿ 189 ಜನರಿದ್ದ ವಿಮಾನ ಸಮುದ್ರಕ್ಕೆ ಬಿತ್ತು, ಒಬ್ಬರೂ ಉಳಿಯಲಿಲ್ಲ. ವೇಗ ಅಳೆಯುವ ಕೊಳವೆಗೆ ಇಂಥದ್ದೇ ಹುಳ ಗೂಡು ಕಟ್ಟಿತ್ತೆಂದು ಬಲವಾದ ಅನುಮಾನ. ಹುಳಕ್ಕೆ ಕೊಳವೆ ಸಿಕ್ಕಿದರೆ ಸಾಕು, ವಿಮಾನದ್ದೋ ಕೋವಿಯದ್ದೋ ಅದು ನೋಡುವುದಿಲ್ಲ.

ಹಾಗಾದರೆ ಬಾಯಿ ತೆರೆದು ಇಡಬೇಕೆ? ಬೇಡ. ನಮ್ಮ ಜಿಲ್ಲೆಯ ಮಳೆಗೆ ತೆರೆದಿಟ್ಟರೆ ತುಕ್ಕು ಗ್ಯಾರಂಟಿ. ಆದರೆ ಮುಚ್ಚುವುದು ಹೊರಗಿನಿಂದ ಇರಲಿ. ಔಷಧಿ ಅಂಗಡಿಯಲ್ಲಿ ಬೆರಳಿಗೆ ಹಾಕುವ ತೆಳು ರಬ್ಬರಿನ ಉರೆ ಸಿಗುತ್ತದೆ. 12 ಬೋರಿಗೆ ಅದು ಬಿಗಿ ಅನಿಸಿದರೆ ಮಕ್ಕಳ ಬೆಲೂನು ಹೊರಗಿನಿಂದ ಎಳೆದು ಹಾಕಿ. ಕೆಂಪು ಬಣ್ಣದ್ದೇ ತನ್ನಿ, ಕತ್ತಲೆಯಲ್ಲೂ ಟಾರ್ಚಿಗೆ ಹೊಡೆದು ಕಾಣಬೇಕು. ಒದ್ದೆ ಕೋವಿಗೆ ಪ್ಲಾಸ್ಟಿಕ್ ತೊಟ್ಟೆ ಬಿಗಿದು ಕಟ್ಟಿದರೆ ಮಾತ್ರ ಒಳಗೇ ಬೆವರಿ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಮೊದಲು ಒರೆಸಿ, ಒಣಗಿಸಿ. ತೆಂಗಿನೆಣ್ಣೆ ಬೇಡವೇ ಬೇಡ. ಅದು ಕಮಟುತ್ತದೆ, ಹುಳಿಯಾಗುತ್ತದೆ, ಆ ಹುಳಿ ಕಬ್ಬಿಣವನ್ನು ತಿನ್ನುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ಗಜದ (ನಳಿಗೆಯೊಳಗೆ ಹಾಕುವ ಉದ್ದ ಸರಳಿನ) ತುದಿಯ ಬಟ್ಟೆಗೆ ಹಚ್ಚಿ ಒಳಗೆಲ್ಲ ತೆಳುವಾಗಿ ಎಳೆದರೆ ಧಾರಾಳ. ಆ ಬಟ್ಟೆ ಹೊರಗೆ ಬಂತೋ ಅಂತಲೂ ನೋಡಿ, ಗಜದಿಂದ ಕಳಚಿ ಒಳಗೇ ಉಳಿಯುವುದುಂಟು. ಬಾಯಿ ಕೆಳಗೆ ಮಾಡಿ ಒಣ ಹಲಗೆಯ ಮೇಲೆ ನಿಲ್ಲಿಸಿದರೆ ಎಣ್ಣೆ ಇಳಿದು ಹಿಡಿಯ ಮರ ಮೆತ್ತಗಾಗುವುದೂ ತಪ್ಪುತ್ತದೆ. ಚರ್ಮದ ಚೀಲದಲ್ಲಿ ಮಳೆಗಾಲವಿಡೀ ಇಡುವ ಅಭ್ಯಾಸವೂ ಒಳ್ಳೆಯದಲ್ಲ, ಚರ್ಮ ತಂಡಿ ಹೀರುತ್ತದೆ.

ಬಟ್ಟೆಯೇ ಬೇಕು ಎನ್ನುವ ಹಟವಿದ್ದರೆ, ಮೊಳ ಉದ್ದದ ಬಣ್ಣದ ಲಾಡಿ ಹೊರಗೆ ನೇತಾಡುವ ಹಾಗೆ ಹೊಲಿದು ಹಾಕಿ, ಇನ್ನೊಂದು ಲಾಡಿ ಕೋವಿಯ ಕುದುರೆಗೆ (ಈಡು ಹಾರಿಸಲು ಎಳೆಯುವ ಭಾಗಕ್ಕೆ) ಕಟ್ಟಿ. ನನಗೆ ಅದೂ ಒಪ್ಪಿಗೆ ಇಲ್ಲ.

ಮಡಚುವ ಕೋವಿಯವರಿಗೆ ಪರೀಕ್ಷೆ ಸುಲಭ. ತೋಟೆ ತೆಗೆದು, ಮಡಚಿ, ಬಾಯಿಯ ಎದುರು ಬಿಳಿ ಕಾಗದ ಹಿಡಿದು ಅದಕ್ಕೆ ಟಾರ್ಚ್ ಬಿಡಿ, ಹಿಂಬದಿಯಿಂದ ನೋಡಿ. ಉರುಟಾದ ಬೆಳಕು ಕಾಣಬೇಕು, ಕಲೆಯಿಲ್ಲದೆ. ಮುಂದಿನಿಂದ ಕಣ್ಣಿಡಬೇಡಿ, ಖಾಲಿ ಅಂತ ಎಷ್ಟೇ ಖಾತ್ರಿ ಇದ್ದರೂ. ಮನೆಯಲ್ಲಿ ಒಮ್ಮೆ ನೋಡಿದರೆ ಸಾಲದು. ಕಟ್ಟಪುಣಿಯಲ್ಲಿ ಜಾರಿ ಬಾಯಿ ಕೆಸರಿಗೆ ಊರಿದರೆ, ತೋಡು ದಾಟುವಾಗ ಮುಳುಗಿದರೆ, ಅಲ್ಲಿಯೇ ಬಿಚ್ಚಿ ನೋಡಿ. ಕೆಸರನ್ನು ಈಡಿನಿಂದಲೇ ತೆಗೆಯುತ್ತೇನೆ ಎನ್ನುವ ಧೀರರೂ ಇದ್ದಾರೆ, ಅವರ ಪಕ್ಕ ನಿಲ್ಲಬೇಡಿ.

ಬಾಯಿಯಿಂದ ಮದ್ದು ತುಂಬಿ ಹೊಡೆಯುವ ಕೇಪಿನ ಕೋವಿಯವರದ್ದು ಕಷ್ಟ, ಹಿಂಬದಿ ಮುಚ್ಚಿದ್ದು. ಅವರು ಗಜಕ್ಕೆ ಗುರುತು ಹಾಕಿಕೊಳ್ಳಬೇಕು: ನಳಿಗೆ ಖಾಲಿ ಇರುವಾಗ ಗಜ ತಳ ಮುಟ್ಟಿದಲ್ಲಿ ಬಾಯಿಯ ಮಟ್ಟಕ್ಕೆ ಒಂದು ಗೀರು, ಮದ್ದು ಚರೆ ತುಂಬಿದ ಮೇಲೆ ಇನ್ನೊಂದು. ಮೊದಲ ಗೀರು ಬಾಯಿಗಿಂತ ಮೇಲೆ ನಿಂತರೆ ಒಳಗೆ ಏನೋ ಉಂಟು. ಹಳೆ ಈಡು ಮರೆತು ಹೊಸದು ತುಂಬುವ ಅಪಾಯವೂ ಇದರಿಂದಲೇ ತಪ್ಪುತ್ತದೆ. ಕರಿಮದ್ದಿನ ಮಸಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಆದ್ದರಿಂದ ಹೊಡೆದ ದಿನವೇ ಬಿಸಿನೀರು ಸಾಬೂನಿನಲ್ಲಿ ತೊಳೆದು ಒಣಗಿಸಿ ಎಣ್ಣೆ ಹಚ್ಚಬೇಕು.

.315 ರೈಫಲ್ ಇರುವವರು ಕೇಳುತ್ತಾರೆ, ಬಾಯಿಗೆ ಇನ್ಸುಲೇಷನ್ ಟೇಪ್ ಅಂಟಿಸಿದರೆ? ರೈಫಲಿನಲ್ಲಿ ಗುಂಡಿನ ಮುಂದಿರುವ ಗಾಳಿ ಒತ್ತಿ ಬಂದು ಗುಂಡಿಗೆ ಮೊದಲೇ ಆ ತೆಳು ಟೇಪನ್ನು ಕಿತ್ತು ಹಾಕುತ್ತದೆ, ಮಳೆನಾಡುಗಳ ಬೇಟೆಗಾರರು ಬಹಳ ಕಾಲದಿಂದ ಹಾಗೆ ಮಾಡುತ್ತ ಬಂದಿದ್ದಾರೆ. ಒಂದೇ ಪದರ, ಅಂಚು ಹೊರಗೆ ಸುತ್ತಿದ್ದು. ಹತ್ತು ಸುತ್ತು ಅಲ್ಲ. ತೋಟೆ ಕೋವಿಯ ತೆಳು ನಳಿಗೆಗೆ ಇದೇ ಧೈರ್ಯ ಬೇಡ, ತೆಗೆದೇ ಹೊಡೆಯಿರಿ. ರೈಫಲಿನ ಸಪೂರ ನಳಿಗೆಯಲ್ಲಿ ನೀರು ತಾನಾಗಿ ಇಳಿಯದೆ ಹಿಡಿದುಕೊಂಡು ನಿಲ್ಲುವುದುಂಟು. ಬೋಲ್ಟ್ ತೆರೆದು ಬಾಯಿ ಕೆಳಗೆ ಮಾಡಿ ಸುರಿಸಿ. ಗಜವನ್ನು ಹಿಂಬದಿಯಿಂದಲೇ ಹಾಕಿ, ಬಾಯಿಯ ಅಂಚಿಗೆ ಗೀರು ಬಿದ್ದರೆ ಗುರಿಯೇ ಹೋಗುತ್ತದೆ.

ಮಳೆಗಾಲದ್ದೇ ಇನ್ನೊಂದು ಕಂಟಕ ತಂಡಿ ಹಿಡಿದ ತೋಟೆ. "ಪುಸ್" ಅಂತ ಸದ್ದು ಬಂದು ಚರೆ ಕಾಲಬುಡದಲ್ಲೇ ಬಿದ್ದರೆ ನಗಾಡಿಕೊಂಡು ಇನ್ನೊಂದು ಹಾಕಬೇಡಿ. ತೋಟೆಯೊಳಗೆ ಮದ್ದಿಗೂ ಚರೆಗೂ ನಡುವೆ ಇರುವ ಬಿರಡೆ ನಳಿಗೆಯ ನಡುವೆ ಸಿಕ್ಕಿಕೊಂಡಿರಬಹುದು, ಮುಂದಿನ ಈಡಿಗೆ ನಮ್ಮ ಬನಿಯನ್ನು ಮಾಡಿದ್ದನ್ನೇ ಅದು ಮಾಡುತ್ತದೆ. ಮನೆಯಲ್ಲಿ 20 ಬೋರಿನ ತೋಟೆಯೂ ಇದ್ದರೆ ಬೇರೆ ಪೆಟ್ಟಿಗೆಯಲ್ಲಿ ಇಡಿ: ಅದು 12ರ ಕೋಣೆಯನ್ನು ದಾಟಿ ಮುಂದೆ ಜಾರಿ ನಿಲ್ಲುತ್ತದೆ, ಕೋಣೆ ಖಾಲಿ ಕಾಣುತ್ತದೆ, ಮೇಲೆ 12ರದ್ದು ಕೂತೇ ಬಿಡುತ್ತದೆ.

ಉಬ್ಬಿದ ನಳಿಗೆಯನ್ನು ಪೇಟೆಯ ಲೇತ್ ಅಂಗಡಿಯಲ್ಲಿ ತಟ್ಟಿ ಸರಿಮಾಡಿಸುವ ಮಾತೂ ಬಂತು, ಗೇಣು ಕತ್ತರಿಸಿದರೆ ಆಯಿತಲ್ಲ ಅಂತ. 1959ರ ಆಯುಧ ಕಾಯ್ದೆಯಲ್ಲಿ ಪರವಾನಗಿ ಇಲ್ಲದವರು ಕೋವಿ ರಿಪೇರಿ ಮಾಡುವುದೇ ಅಪರಾಧ. ಕತ್ತರಿಸಿ ಗಿಡ್ಡ ಮಾಡುವುದೂ ಅಪರಾಧವೇ. ನೆರೆಯವರ ಕಾಗದಪತ್ರ ಎಲ್ಲ ಸರಿ ಇದ್ದರೂ ಪೊಲೀಸು ವಿಚಾರಣೆಗೆ ಅಲೆದ ಅಲೆದಾಟ ಸಣ್ಣದಲ್ಲ, ಕೋವಿ ಈಗಲೂ ಅವರ ಕೈಗೆ ಬಂದಿಲ್ಲ.

ಚುನಾವಣೆ ಇನ್ನೂ ಬರುತ್ತವೆ, ಠೇವಣಿಯೂ ಇದ್ದದ್ದೇ. ಕೊಡುವಾಗ ಬಾಯಿಗೆ ಏನು ಹಾಕಿದ್ದೀರೋ ಅದನ್ನು ಒಂದು ಚೀಟಿಯಲ್ಲಿ ಬರೆದು ಹಿಡಿಗೆ ಕಟ್ಟಿ. ವಾಪಸ್ ತೆಗೆದುಕೊಳ್ಳುವಾಗ ಅಲ್ಲಿಯೇ ಅಂಗಳದಲ್ಲಿ ಮಡಚಿ ಬೆಳಕಿಗೆ ಹಿಡಿದು ನೋಡಿ, ಸಾಲಿನಲ್ಲಿ ನಿಂತವರು ಎಷ್ಟೇ ಗಡಿಬಿಡಿ ಮಾಡಲಿ. ಇನ್ನು ನನ್ನ ಹಾಗೆ ಟಾರ್ಚ್ ಹಿಡಿಯಲು ಹೋಗುವವರು ಕೋವಿಯವರ ಹೆಗಲಿನ ಹಿಂದೆ ನಿಲ್ಲಿ, ತೋಟೆ ಹಾಕುವ ಮೊದಲು ನಳಿಗೆ ತೋರಿಸಿ ಅಂತ ಕೇಳಿ. ಹಿರಿಯರು ಬೇಸರ ಮಾಡಿದರೆ ಟಾರ್ಚನ್ನು ಅವರ ಕೈಗೇ ಕೊಟ್ಟು ಮನೆಗೆ ಬನ್ನಿ.