ಸೆಕೆಂಡ್ ಹ್ಯಾಂಡ್ ಕೊಡಿಯಾಕ್: ಡಿಸಿಸಿ ಸಸ್ಪೆನ್ಷನ್ ನೋಡಿ ಕೊಳ್ಳಬಹುದೇ?

2025ರ ಹೊಸ ಸ್ಕೋಡಾ ಕೊಡಿಯಾಕ್ ಎಸ್‌ಯುವಿ ನಮ್ಮ ದೇಶಕ್ಕೆ ಬರುವಾಗ ಡೈನಾಮಿಕ್ ಚಾಸಿ ಕಂಟ್ರೋಲ್ (ಡಿಸಿಸಿ), ಅಂದರೆ ರಸ್ತೆಗೆ ತಕ್ಕಂತೆ ಶಾಕ್ ಅಬ್ಸಾರ್ಬರ್‌ಗಳನ್ನು ಮೆದು-ಗಟ್ಟಿ ಮಾಡುವ ವ್ಯವಸ್ಥೆ, ಬಿಟ್ಟುಹೋಯಿತು. 2022ರಲ್ಲಿ ಬಂದ ಹಿಂದಿನ ಮಾದರಿಯಲ್ಲಿ ಅದಿತ್ತು. ಹಳೆಯದನ್ನೇ ಹುಡುಕುವವರಿಗೆ ಇದೊಂದು ಒಳ್ಳೆಯ ಕಾರಣ.

ಡಿಸಿಸಿ ಇದ್ದರೂ ಸ್ಪ್ರಿಂಗ್‌ಗಳು ಮಾಮೂಲಿ ಉಕ್ಕಿನವೇ. ಬದಲಾಗುವುದು ಶಾಕ್ ಅಬ್ಸಾರ್ಬರ್‌ನೊಳಗೆ ಎಣ್ಣೆ ಹರಿಯುವ ದಾರಿ ಮಾತ್ರ. ವಿದ್ಯುತ್ ವಾಲ್ವ್ ದಾರಿ ಅಗಲಿಸಿದರೆ ಶಾಕ್ ಮೆದು, ಕಿರಿದಾಗಿಸಿದರೆ ಗಟ್ಟಿ. ಚಕ್ರದ ಏರಿಳಿತ, ಬಾಡಿಯ ಕುಲುಕಾಟ ಎರಡನ್ನೂ ಸೆನ್ಸರ್‌ಗಳು ಅಳೆಯುತ್ತವೆ. ಪ್ರತಿ ಚಕ್ರಕ್ಕೂ ಲೆಕ್ಕ ಬೇರೆ. ಕಾರಿನ ಬಾಡಿ ತೂಗುವುದು ಸುಮಾರು 1ರಿಂದ 1.5 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಅಷ್ಟು ಸಲ), ಚಕ್ರ ಅದುರುವುದು 10ರ ಆಸುಪಾಸಿನಲ್ಲಿ. ಸಾಮಾನ್ಯ ಶಾಕ್ ಎರಡಕ್ಕೂ ರಾಜಿ ಮಾಡಿಕೊಳ್ಳಬೇಕು. ಡಿಸಿಸಿಗೆ ಆ ಕಷ್ಟ ಕಡಿಮೆ.

ಚಾಲಕ ಆರಿಸಿಕೊಳ್ಳಲು ಕಂಫರ್ಟ್ (ಮೆದು), ನಾರ್ಮಲ್, ಸ್ಪೋರ್ಟ್ (ಗಟ್ಟಿ) ಮೋಡ್‌ಗಳಿವೆ. ಕಿತ್ತುಹೋದ ಡಾಂಬರಿನ ಮೇಲೆ ನಿಧಾನವಾಗಿ ಹೋಗುವಾಗ ಕಂಫರ್ಟ್ ಮೋಡ್ ನಿಜಕ್ಕೂ ಹಿತ. ಹೆದ್ದಾರಿಯ ದೊಡ್ಡ ಅಲೆಗಳ ಮೇಲೆ ಮಾತ್ರ ಅದೇ ಮೋಡ್‌ನಲ್ಲಿ ಕಾರು ಇನ್ನೊಂದು ಸಲ ತೂಗಿ ನಿಲ್ಲುತ್ತದೆ. ಅಲ್ಲಿ ನಾರ್ಮಲ್ ಲೇಸು. ಶಿರಾಡಿ, ಚಾರ್ಮಾಡಿ ತಿರುವುಗಳಲ್ಲೂ ನಾರ್ಮಲ್ಲೇ ಸಾಕು. ಹಿಂದೆ ಕೂತವರು ಸ್ಪೋರ್ಟ್ ಮೋಡ್‌ಗೆ ಶಾಪ ಹಾಕುತ್ತಾರೆ.

ಚೂಪು ಅಂಚಿನ ಗುಂಡಿಗೂ ಬೆಂಗಳೂರಿನ ವೈಟ್‌ಟಾಪಿಂಗ್ (ಕಾಂಕ್ರೀಟ್ ಹೊದಿಸಿದ) ರಸ್ತೆಗಳ ಜೋಡಣೆಗಳಿಗೂ ಡಿಸಿಸಿಯಲ್ಲಿ ಮದ್ದಿಲ್ಲ. ಅಲ್ಲಿ ಮೊದಲ ಏಟು ತಿನ್ನುವುದು ಟೈರ್. 235/55 ಆರ್18 ಟೈರಿಗೆ ಕಾರಿನ ಮೇಲಿನ ಗಾಳಿ ಒತ್ತಡದ ಸ್ಟಿಕ್ಕರ್‌ನಲ್ಲಿರುವುದಕ್ಕಿಂತ ನಾಲ್ಕೈದು ಪಿಎಸ್‌ಐ ಹೆಚ್ಚು ಗಾಳಿ ತುಂಬಿದರೆ ಕಂಫರ್ಟ್ ಮೋಡ್ ಹೆಸರಿಗಷ್ಟೇ. ಗಾಳಿಯನ್ನು ಟೈರ್ ತಣ್ಣಗಿದ್ದಾಗಲೇ ಅಳೆಯಿರಿ.

ಕೊಳ್ಳುವ ಮುನ್ನ ಕಾರಿನ ಪರದೆಯಲ್ಲಿ ಇಂಡಿವಿಜುಯಲ್ ಮೋಡ್ (ನಮಗೆ ಬೇಕಾದಂತೆ ಹೊಂದಿಸಿಕೊಳ್ಳುವ ಮೋಡ್) ತೆರೆದು ಸಸ್ಪೆನ್ಷನ್‌ನ ಆಯ್ಕೆ ಇದೆಯೇ ನೋಡಿ. ಕಾರು ಎತ್ತಿಸಿ ಪ್ರತಿ ಶಾಕ್‌ಗೂ ವೈರ್ ಹೋಗಿದೆಯೇ ಎಂದೂ ಖಚಿತಪಡಿಸಿಕೊಳ್ಳಿ. ದುಡ್ಡು ಉಳಿಸಲೆಂದು ಯಾರಾದರೂ ಸಾಮಾನ್ಯ ಶಾಕ್ ಹಾಕಿಸಿರಬಹುದು. ಶಾಕ್ ಮೇಲೆ ತೆಳು ಎಣ್ಣೆ ಪಸೆಯಿದ್ದರೆ ಗಾಬರಿ ಬೇಡ, ಕೆಳಗೆ ಹನಿ ಇಳಿದಿದ್ದರೆ ಅದು ಮುಗಿದ ಕಥೆ. ಬದಲಿಸುವಾಗ ಒಂದೇ ಆಕ್ಸಲ್‌ನ ಎರಡನ್ನೂ ಬದಲಿಸಬೇಕು. ಇವು ಮಾಮೂಲಿ ಶಾಕ್‌ಗಿಂತ ಬಹಳ ದುಬಾರಿ, ಆ ಮೊತ್ತವನ್ನು ಬೆಲೆಯಲ್ಲೇ ಕಡಿತ ಕೇಳಿ.

ಸಸ್ಪೆನ್ಷನ್ ದೋಷದ ಸೂಚನೆ ಬಂದ ಮಾತ್ರಕ್ಕೆ ಶಾಕ್ ಕೆಟ್ಟಿದೆ ಎನ್ನಲಾಗದು. ಚಕ್ರದ ಸೆನ್ಸರ್‌ಗೆ ಜೋಡಿಸಿದ ಸಣ್ಣ ಕಡ್ಡಿ ಮುರಿದಿರಬಹುದು, ಕನೆಕ್ಟರ್‌ಗೆ ನೀರು ಸೇರಿರಬಹುದು. ಮೊದಲು ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಓದಿಸಿ. ಸೆನ್ಸರ್ ಬದಲಿಸಿದ ಮೇಲೆ ಸಮತಟ್ಟು ಜಾಗದಲ್ಲಿ ಖಾಲಿ ಕಾರು ನಿಲ್ಲಿಸಿ ಕ್ಯಾಲಿಬ್ರೇಷನ್ ಮಾಡಿಸಲೇಬೇಕು. ಇಲ್ಲದಿದ್ದರೆ ಹೊಸ ಸೆನ್ಸರ್ ತಪ್ಪು ಎತ್ತರವನ್ನೇ ಸರಿಯೆಂದು ಹೇಳುತ್ತಿರುತ್ತದೆ.