ದೋಣಿಯ ತಳಕ್ಕೆ ಅರಾಮಿಡ್ ಬಟ್ಟೆ: ಒಂದು ವರ್ಷ ನೀರಲ್ಲಿ ಓಡಿಸಿದ ಮೇಲೆ

ನಮ್ಮ ಮನೆ ಅಘನಾಶಿನಿ ಹೊಳೆಯ ಪಕ್ಕ, ಮಿರ್ಜಾನಿನಿಂದ ಸ್ವಲ್ಪ ಕೆಳಗೆ. ಹೋದ ಜನವರಿಯಲ್ಲಿ ನಾನೇ ಕಟ್ಟಿದ ದೋಣಿಯನ್ನು ಅಂಗಳದಲ್ಲಿ ಕವುಚಿ ಹಾಕಿ, ತಳಕ್ಕೆ ಅರಾಮಿಡ್ ಬಟ್ಟೆ ಹಚ್ಚಿದೆ. ಕೆವ್ಲಾರ್ ಅಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ. ಗುಂಡು ತಡೆಯುವ ಜಾಕೆಟ್‌ಗೆ ಬಳಸುವ ಜಾತಿಯ ನೂಲು. ಈಗ ಒಂದು ವರ್ಷ ಆಯಿತು. ಮೊನ್ನೆ ಮತ್ತೆ ಕವುಚಿ ಹಾಕಿ ತಳ ಪೂರ್ತಿ ನೋಡಿದೆ. ಈ ಬಟ್ಟೆ ತಗೊಳ್ಳಬೇಕಾ ಬೇಡವಾ ಅಂತ ಇಬ್ಬರು ಮೂವರು ಕೇಳಿದ್ದಾರೆ. ಅದಕ್ಕೇ ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತಿದ್ದೇನೆ.

ಮೊದಲು ದೋಣಿಯ ವಿಷಯ. 12 ಅಡಿ ಉದ್ದ, ಹೊಟ್ಟೆಯ ಹತ್ತಿರ 4 ಅಡಿ ಅಗಲ. ಐಎಸ್ 710 ಮುದ್ರೆ (ನೀರು ತಾಳುವ ಪ್ಲೈವುಡ್ಡಿನ ಭಾರತೀಯ ಮಾನಕ) ಇರುವ 6 ಮಿಲಿಮೀಟರ್ ಮರೈನ್ ಪ್ಲೈವುಡ್. ಹಲಗೆಗಳ ಅಂಚು ಕೂಡಿಸಿ, ಸಣ್ಣ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಒಳಮೂಲೆಗೆ ಎಪಾಕ್ಸಿ (ಎರಡು ದ್ರವ ಕಲಸಿದರೆ ಕಲ್ಲಾಗುವ ಅಂಟು) ಪುಟ್ಟಿ ತುಂಬಿ ಕಟ್ಟಿದ್ದು. ನಮ್ಮ ಭಾವ ತದಡಿ ಬಂದರಿನಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವರು. ತಂತಿ ಹೊಲಿಗೆ ನೋಡಿ ಅವರಿಗೆ ಖುಷಿ ಆಯಿತು. "ಇದು ಅಜ್ಜಂದಿರ ಕೆಲಸವೇ ತಮಾ. ಅವ್ರು ಕತ್ತದ ಹುರಿಯಲ್ಲಿ ಹೊಲೀತಿದ್ರು, ನೀನು ತಂತಿಯಲ್ಲಿ ಹೊಲ್ದೆ, ಅಷ್ಟೇ" ಅಂದರು.

ಮೊದಲ ವರ್ಷ ತಳಕ್ಕೆ ಬಟ್ಟೆ ಹಾಕಿರಲಿಲ್ಲ. ಎರಡು ಕೋಟ್ ಎಪಾಕ್ಸಿ, ಮೇಲೆ ಪೇಂಟ್, ಅಷ್ಟೇ. ಅದು ತಪ್ಪಾಯಿತು. ನಾವು ದೋಣಿ ಹತ್ತಿಸುವ ಜಾಗದಲ್ಲಿ ಚಿರೆಕಲ್ಲಿನ ಮೆಟ್ಟಿಲು. ಇಳಿತದ ಹೊತ್ತಿಗೆ ಬಂದರೆ ಮೆಟ್ಟಿಲೂ ಸಿಗುವುದಿಲ್ಲ, ಬಳಚಿನ ಚಿಪ್ಪು ತುಂಬಿದ ಕೆಸರಿನ ಮೇಲೆ ಎಳೆಯಬೇಕು. ಬಂಡೆಗೆ ಬಡಿದು ದೋಣಿ ಒಡೆಯುವುದು ಎಲ್ಲೋ ಒಮ್ಮೆ. ಆದರೆ ಈ ಎಳೆದಾಟ ದಿನಾ ಇದ್ದದ್ದೇ. ಮಳೆಗಾಲಕ್ಕೆ ಮೊದಲು ನೋಡಿದರೆ ತಳದ ಅಂಚಿನಲ್ಲಿ ಪ್ಲೈವುಡ್ಡಿನ ಮೇಲಿನ ಪದರ ಹೋಗಿತ್ತು. ಅಲ್ಲಿ ನೀರು ಕುಡಿದು ಕಪ್ಪಾಗಿ, ಉಗುರಿನಿಂದ ಒತ್ತಿದರೆ ಒಳಗೆ ಹೋಗುತ್ತಿತ್ತು. ಎರಡು ಬೆರಳಗಲದ ಆ ಮೆತ್ತನೆಯ ಜಾಗ ಮುಟ್ಟಿದಾಗ ನನ್ನ ಹೊಟ್ಟೆ ತಣ್ಣಗಾಯಿತು. ಐದು ತಿಂಗಳು ಸಂಜೆ ಸಂಜೆ ಕೂತು ಕಟ್ಟಿದ ದೋಣಿ ಅದು.

ಅರಾಮಿಡ್ಡಿನ ಮಾತು ಬಂದದ್ದು ಆಗ. ಕೆವ್ಲಾರ್ ಅನ್ನುವುದು ಡ್ಯೂಪಾಂಟ್ ಕಂಪನಿಯ ಹೆಸರು. 1965ರಲ್ಲಿ ಅಲ್ಲಿನ ಸ್ಟೆಫನಿ ಕ್ವೊಲೆಕ್ ಎಂಬ ರಸಾಯನ ವಿಜ್ಞಾನಿ ಈ ನೂಲಿನ ದಾರಿ ಕಂಡುಹಿಡಿದರು. ಆಗ ಹುಡುಕುತ್ತಿದ್ದದ್ದು ಟೈರಿಗೆ ಹಾಕಲು ಹಗುರವಾದ ಗಟ್ಟಿ ನೂಲು. ನಾನು ತಂದದ್ದು ಹೆಸರಿಲ್ಲದ ಅರಾಮಿಡ್, ಚದರ ಮೀಟರಿಗೆ 170 ಗ್ರಾಂ ತೂಗುವ ಸಾದಾ ನೇಯ್ಗೆ. ಫೈಬರ್ ದೋಣಿಗೆ ಹಾಕುವ ಗಾಜಿನ ನೂಲು ನೀರಿನ ಎರಡೂವರೆ ಪಟ್ಟು ತೂಗಿದರೆ ಇದು ಒಂದೂವರೆ ಪಟ್ಟಿಗೂ ಸ್ವಲ್ಪ ಕಡಿಮೆ. ಎಳೆದರೆ ಭಯಂಕರ ಗಟ್ಟಿ. ಒತ್ತಿದರೆ ಮಾತ್ರ ಅಷ್ಟು ಬಲ ಇಲ್ಲ. ಈ ಕೊನೆಯ ಮಾತು ನನಗೆ ತಡವಾಗಿ ಅರ್ಥ ಆಯಿತು.

ಖರ್ಚು ಹೇಳಿಬಿಡುತ್ತೇನೆ. ಅರಾಮಿಡ್ ಮೀಟರಿಗೆ 1,900 ರೂಪಾಯಿ, ಮೂರೂವರೆ ಮೀಟರ್. 200 ಗ್ರಾಂ ತೂಕದ ಗಾಜಿನ ಬಟ್ಟೆ ಮೀಟರಿಗೆ 160, ಹನ್ನೊಂದು ಮೀಟರ್. ಎಪಾಕ್ಸಿ, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಸೇರಿ ಆರು ಕೆಜಿ, 4,500. ಒಟ್ಟು 12,910ರಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಹಳದಿ ಬಟ್ಟೆಗೇ ಹೋಯಿತು. ಆನ್‌ಲೈನಿನಲ್ಲಿ ತರಿಸಿದ್ದು. ಮಾರಿದವರು ಬಟ್ಟೆಯನ್ನು ಸೀರೆಯ ಹಾಗೆ ಮಡಚಿ ಕಳಿಸಿದ್ದರು. ಇದು ಸರಿಯಲ್ಲ. ಗಾಜಿನ ಬಟ್ಟೆಯ ಮಡಿಕೆಯಲ್ಲಿ ಎಳೆ ಮುರಿಯುತ್ತದೆ, ಆ ಗೆರೆ ರೆಸಿನ್ (ಬಟ್ಟೆಗೆ ಕುಡಿಸುವ ಎಪಾಕ್ಸಿಯಂಥ ಅಂಟು) ಹಾಕಿದ ಮೇಲೂ ಬಿಳಿಯಾಗಿ ಕಾಣುತ್ತದೆ. ಆರ್ಡರ್ ಮಾಡುವ ಮೊದಲೇ ಪೈಪಿಗೆ ಸುತ್ತಿ ಕಳಿಸಿ ಅಂತ ಹೇಳಿ. ಕೊರಿಯರ್ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ.

ಕತ್ತರಿಸುವ ದಿನ ಅಕ್ಕನ ಹೊಲಿಗೆ ಕತ್ತರಿ ತಂದೆ. ಅಕ್ಕ ಟೈಲರಿಂಗ್ ಮಾಡುವವಳು, ಕತ್ತರಿ ದಿನಾ ಸಾಣೆ ಹಿಡಿದ ಹಾಗೆ ಇರುತ್ತದೆ. ಗಾಜಿನ ಬಟ್ಟೆ ಸರಾಗವಾಗಿ ಹೋಯಿತು. ಅರಾಮಿಡ್ಡಿಗೆ ಹಾಕಿದರೆ ಕತ್ತರಿಯ ಬಾಯಲ್ಲಿ ಬಟ್ಟೆ ಮಡಚಿಕೊಂಡು ಕೂತಿತು. ಒಂದು ಎಳೆಯೂ ತುಂಡಾಗಲಿಲ್ಲ. ಅಂಚಿನಿಂದ ನೂಲು ಮಾತ್ರ ಜಾರಿ ಜಾರಿ ಬಂತು. "ಎಂತದು ಮಾರಾಯ ಇದು, ಕಚ್ಚೂದೇ ಇಲ್ಲ" ಅಂತ ಅಕ್ಕ ತಾನೇ ಕೈ ಹಾಕಿದಳು. ಆಮೇಲೆ ಅವಳೇ ಉಪಾಯ ಹೇಳಿದಳು. ಗೆರೆ ಎಳೆದ ಕಡೆ ಮಾಸ್ಕಿಂಗ್ ಟೇಪ್ ಹಚ್ಚು, ಟೇಪಿನ ಮೇಲೆ ಕತ್ತರಿಸು. ಬಾಯಲ್ಲಿ ಸಣ್ಣ ಹಲ್ಲು ಇರುವ ಹೊಸ ಕತ್ತರಿ ತಂದು ಹಾಗೇ ಮಾಡಿದೆ. ಟೇಪು ನೂಲನ್ನು ಹಿಡಿದುಕೊಂಡಿತು, ಅಂಚು ನೇರ ಬಂತು. ಅಕ್ಕನ ಕತ್ತರಿಯನ್ನು ಮತ್ತೆ ಸಾಣೆಗೆ ಕೊಡಬೇಕಾಯಿತು.

ರೆಸಿನ್ ವಿಷಯಕ್ಕೆ ನಾನು ಜಾಸ್ತಿ ಹೊತ್ತು ಕೊಟ್ಟೆ, ನೀವೂ ಕೊಡಿ. ಭಾವನ ಹತ್ತಿರ ಪಾಲಿಯೆಸ್ಟರ್ ರೆಸಿನ್ ಡಬ್ಬಿಗಟ್ಟಲೆ ಇರುತ್ತದೆ. ಫೈಬರ್ ದೋಣಿಗೆಲ್ಲ ಅದೇ. ಎಪಾಕ್ಸಿಗೆ ಹೋಲಿಸಿದರೆ ತುಂಬ ಅಗ್ಗ. ಸುಮ್ನೆ ಅದನ್ನೇ ಹಾಕಿದರೆ ಆಗದಾ ಅಂತ ಅನಿಸಿತ್ತು. ಮೊದಲು ಒಂದು ಪರೀಕ್ಷೆ ಮಾಡಿದೆವು. ಪ್ಲೈವುಡ್ಡಿನ ಎರಡು ತುಂಡು ತಗೊಂಡು, ಒಂದಕ್ಕೆ ಪಾಲಿಯೆಸ್ಟರಿನಲ್ಲಿ, ಇನ್ನೊಂದಕ್ಕೆ ಎಪಾಕ್ಸಿಯಲ್ಲಿ, ಮೂರು ಬೆರಳಗಲದ ಅರಾಮಿಡ್ ಪಟ್ಟಿ ಅಂಟಿಸಿದೆವು. ತುದಿ ಹಿಡಿದು ಎಳೆಯಲು ಸ್ವಲ್ಪ ಪಟ್ಟಿ ಹೊರಗೆ ಬಿಟ್ಟೆವು. ವಾರ ಬಿಟ್ಟು ಎಳೆದೆವು. ಪಾಲಿಯೆಸ್ಟರ್ ಹಾಕಿದ್ದು ಬಾಳೆಯ ಸಿಪ್ಪೆ ಸುಲಿದ ಹಾಗೆ ಬಂತು. ಎಪಾಕ್ಸಿ ಹಾಕಿದ್ದನ್ನು ಇಕ್ಕಳದಲ್ಲಿ ಹಿಡಿದು ಎಳೆದರೆ ಪ್ಲೈವುಡ್ಡಿನ ಮೇಲಿನ ಪದರವೇ ಕಿತ್ತು ಬಂತು, ಅಂಟು ಬಿಡಲಿಲ್ಲ. ಭಾವ ಆ ಎರಡು ತುಂಡನ್ನೂ ತಮ್ಮ ಶೆಡ್ಡಿಗೆ ಒಯ್ದು ಮೊಳೆಗೆ ನೇತು ಹಾಕಿದ್ದಾರೆ. ಮರಕ್ಕೆ ಪಾಲಿಯೆಸ್ಟರ್ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ, ಅರಾಮಿಡ್ ನೂಲಿಗೂ ಹಿಡಿಯುವುದಿಲ್ಲ. ಎರಡೂ ಸೇರಿದರೆ ಹೀಗೇ.

ಬಂದರಿನಲ್ಲಿ ಸಿಗುವ, ಗಾಜಿನ ತುಂಡೆಳೆಗಳ ಬಿಳಿ ಮ್ಯಾಟನ್ನು ಎಪಾಕ್ಸಿ ಜೊತೆ ಬಳಸಬೇಡಿ. ಅದರ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿನಲ್ಲಿ ಕರಗುವಂಥದ್ದು. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಮ್ಯಾಟ್ ಬಿರುಸಾಗಿಯೇ ಉಳಿಯುತ್ತದೆ, ಮೂಲೆಗೆ ಬಗ್ಗುವುದಿಲ್ಲ. ಪಾಲಿಯೆಸ್ಟರ್ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟನ್ನೂ ಹಾರ್ಡನರನ್ನೂ ಯಾವತ್ತೂ ನೇರ ಬೆರೆಸಬೇಡಿ, ಸಿಡಿಯುತ್ತದೆ. ಒಂದನ್ನು ರೆಸಿನ್ನಿಗೆ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು.

ಹಚ್ಚುವ ಕೆಲಸ ಹೀಗೆ ನಡೆಯಿತು. ಜನವರಿ ಆರಿಸಿದ್ದು ಬೇಕೆಂದೇ. ಹೊಳೆ ಪಕ್ಕದ ಗಾಳಿ ಉಳಿದ ತಿಂಗಳಲ್ಲಿ ಒದ್ದೆ. ಒದ್ದೆ ಗಾಳಿಯಲ್ಲಿ ಎಪಾಕ್ಸಿ ಒಣಗುವಾಗ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಅದನ್ನು ನೀರು ಹಾಕಿ ಉಜ್ಜಿ ತೊಳೆಯದೆ ಮುಂದಿನ ಕೋಟ್ ಹಾಕಿದರೆ ಹಿಡಿಯುವುದಿಲ್ಲ. ಬೆಳಿಗ್ಗೆ ಇಬ್ಬನಿ ಹೋದ ಮೇಲೆ ಶುರು ಮಾಡಿದೆವು. ಕೆಟ್ಟ ಪದರ ಕಿತ್ತು, ಒಣಗಿಸಿ, ಪುಟ್ಟಿ ತುಂಬಿ ಸಮ ಮಾಡುವ ಕೆಲಸ ಮೊದಲೇ ಮುಗಿದಿತ್ತು. ಮೊದಲು ಅರಾಮಿಡ್, ತಳಕ್ಕೆ ಮಾತ್ರ. ಅದು ಹಸಿ ಇರುವಾಗಲೇ ಮೇಲೆ ಗಾಜಿನ ಬಟ್ಟೆ, ಅದು ಇಡೀ ಹೊರಮೈಗೆ. ತಳಕ್ಕೆ ಇನ್ನೊಂದು ಪದರ ಗಾಜು.

ಗಾಜಿನ ಬಟ್ಟೆಗೆ ರೆಸಿನ್ ತಾಗಿದ ಕೂಡಲೇ ಎಣ್ಣೆ ಬಿದ್ದ ಕಾಗದದ ಹಾಗೆ ಪಾರದರ್ಶಕ ಆಗುತ್ತದೆ. ಎಲ್ಲಿ ರೆಸಿನ್ ತಾಗದೆ ಉಳಿದಿದೆ, ಎಲ್ಲಿ ಗಾಳಿ ಗುಳ್ಳೆ ಇದೆ, ಕಣ್ಣಿಗೆ ಕಾಣುತ್ತದೆ. ಅರಾಮಿಡ್ ಹಾಗಲ್ಲ. ಹಳದಿ ಇದ್ದದ್ದು ಕಡು ಹಳದಿ ಆಗುತ್ತದೆ, ಅಷ್ಟೇ. ಒಳಗೆ ಏನಾಗಿದೆ ಗೊತ್ತಾಗುವುದಿಲ್ಲ. ರೆಸಿನ್ ಕುಡಿಯುವುದಕ್ಕೂ ಹೊತ್ತು ಬೇಕು. ಹಲಗೆಗೆ ಮೊದಲೇ ರೆಸಿನ್ ಬಳಿದು, ಮೇಲೆ ಬಟ್ಟೆ ಹಾಸಿ, ರೋಲರಿನಲ್ಲಿ ನಿಧಾನ ಒತ್ತಿದೆವು. ಕೆಳಗಿನಿಂದ ರೆಸಿನ್ ಮೇಲೆ ಬರುವವರೆಗೆ ಬಿಡಲಿಲ್ಲ. ಕಲಸಿದ ರೆಸಿನ್ನನ್ನು ಮಗ್ಗಿನಲ್ಲಿ ಇಡಬೇಡಿ, ಅಗಲ ತಟ್ಟೆಗೆ ಸುರಿಯಿರಿ. ಮಗ್ಗಿನಲ್ಲಿದ್ದರೆ ತನ್ನ ಬಿಸಿಗೆ ತಾನೇ ಕಾದು ಹೊಗೆಯಾಡಿ ಗಟ್ಟಿಯಾಗುತ್ತದೆ. ಕೈಗೆ ಗ್ಲೌಸ್ ಬೇಕೇ ಬೇಕು. ಹಾರ್ಡನರ್ ಚರ್ಮಕ್ಕೆ ತಾಗುತ್ತಾ ಹೋದರೆ ಅಲರ್ಜಿ ಶುರುವಾಗುತ್ತದೆ, ಒಮ್ಮೆ ಶುರುವಾದರೆ ಮತ್ತೆ ಆ ಕೆಲಸಕ್ಕೆ ಹತ್ತಿರ ಹೋಗಲಿಕ್ಕಾಗುವುದಿಲ್ಲ.

ಮರುದಿನ ಭಾವ ಐದು ರೂಪಾಯಿ ನಾಣ್ಯ ತಗೊಂಡು, ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ, ತಳವನ್ನು ಗೇಣು ಗೇಣಿಗೆ ತಟ್ಟುತ್ತಾ ಬಂದರು. ಟಣ್ ಟಣ್ ಅಂದರೆ ಕೂತಿದೆ. ಒಂದು ಕಡೆ ಬೊದ್ದು ಸದ್ದು ಬಂತು, ಅಂಗೈ ಅಗಲ. ಅಲ್ಲಿ ಎರಡು ತೂತು ಕೊರೆದು ಸಿರಿಂಜಿನಲ್ಲಿ ಎಪಾಕ್ಸಿ ತುಂಬಿದೆವು. ಎಲ್ಲ ಮುಗಿದ ಮೇಲೆ ದೋಣಿಗೆ ಏಳು ಕೆಜಿಯಷ್ಟು ಭಾರ ಸೇರಿತ್ತು. ಮೊದಲಿನ ಹಾಗೆ ಇಬ್ಬರೇ ಎತ್ತಬಹುದು.

ಈಗ ಒಂದು ವರ್ಷದ ಲೆಕ್ಕ. ಮಳೆಗಾಲ ಬಿಟ್ಟು ವಾರಕ್ಕೆ ನಾಲ್ಕೈದು ದಿನ ಓಡಿದೆ. ಮಾಸೂರಿನ ಕಡೆಗೆ, ಗಜನಿ (ಉಪ್ಪುನೀರಿನ ಗದ್ದೆ) ಕಟ್ಟೆಯ ಪಕ್ಕಕ್ಕೆ, ಒಮ್ಮೊಮ್ಮೆ ಅಳಿವೆಯವರೆಗೆ. ತಳದಲ್ಲಿ ಎಲ್ಲೂ ಒಂದು ಹನಿ ನೀರು ಒಳಗೆ ಹೋಗಿಲ್ಲ. ಪ್ಲೈವುಡ್ ಒಣಗಿದೆ, ಗಟ್ಟಿಯಾಗಿದೆ. ಬದಿಗೆ ಬರೀ ಗಾಜಿನ ಬಟ್ಟೆ ಇತ್ತಲ್ಲ, ಅಲ್ಲಿಯೂ ಒಂದು ಗೀರು ಬಿಟ್ಟರೆ ಏನೂ ಆಗಿಲ್ಲ. ಅಂದರೆ ಬದಿಗೆ ಅರಾಮಿಡ್ ಬೇಡವೇ ಬೇಡ.

ತೊಂದರೆ ಮೂತಿಯ ಕೆಳಗೆ. ಮೆಟ್ಟಿಲಿಗೆ ಮೊದಲು ತಾಗುವ ಜಾಗ ಅದು. ಅಲ್ಲಿ ಎರಡೂ ಪದರ ಗಾಜು ಸವೆದು ಅರಾಮಿಡ್ ಹೊರಗೆ ಬಂದಿದೆ. ಹೊರಗೆ ಬಂದದ್ದು ಬಟ್ಟೆಯ ಹಾಗೆ ಉಳಿದಿಲ್ಲ. ಚೀಪಿ ಬಿಟ್ಟ ಮಾವಿನ ಗೊರಟೆ ನೋಡಿದ್ದೀರಲ್ಲ, ಅದರ ನಾರಿನ ಹಾಗೆ ಜುಂಜು ಜುಂಜಾಗಿ ಎದ್ದಿದೆ. ತುಂಡಾಗಿಲ್ಲ, ತೂತು ಬಿದ್ದಿಲ್ಲ. ಆದರೆ ಪಾಲಿಷ್ ಪೇಪರ್ ಹಾಕಿದರೆ ಇನ್ನೂ ಜಾಸ್ತಿ ಏಳುತ್ತದೆ, ಸಮ ಆಗುವುದೇ ಇಲ್ಲ. ನಾನು ಮಾಡಿದ್ದು ಇಷ್ಟು. ಆ ಜುಂಜಿಗೆ ಎಪಾಕ್ಸಿ ಕುಡಿಸಿ ಮಲಗಿಸಿದೆ. ಚೀಸಿನಷ್ಟು ಗಟ್ಟಿಯಾದಾಗ, ಪೂರ್ತಿ ಕಲ್ಲಾಗುವ ಮೊದಲು, ಹೊಸ ಬ್ಲೇಡಿನಲ್ಲಿ ಹೆರೆದೆ. ಆಮೇಲೆ ಮೇಲೆ ಮೂರು ಪದರ ಗಾಜಿನ ಪಟ್ಟಿ, ಅದರ ಮೇಲೆ ಉದ್ದಕ್ಕೆ ಒಂದಂಗುಲ ದಪ್ಪದ ಹೆಬ್ಬಲಸಿನ ಪಟ್ಟಿ. ಇನ್ನು ಸವೆಯುವುದಾದರೆ ಆ ಮರ ಸವೆಯಲಿ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಆಯಿತು.

ನನ್ನ ಅಭಿಪ್ರಾಯ ಕೇಳಿದರೆ, ಈ ಬಟ್ಟೆ ಒಳ್ಳೆಯದು, ಆದರೆ ನಾನು ಹಾಕಿದ ಜಾಗ ಸರಿಯಲ್ಲ. ಸವೆತಕ್ಕೆ ಇದು ಮದ್ದಲ್ಲ. ಸವೆತಕ್ಕೆ ಗಾಜಿನ ಬಟ್ಟೆಯನ್ನೇ ಇನ್ನೆರಡು ಪದರ ಹಾಕಿ, ಮೇಲೆ ಮರದ ಪಟ್ಟಿ ಕೊಡಿ, ದುಡ್ಡೂ ಉಳಿಯುತ್ತದೆ. ಅರಾಮಿಡ್ಡಿನ ಬಲ ಎಳೆತದಲ್ಲಿ ಅಂದೆನಲ್ಲ. ಕೆಳಗಿನಿಂದ ಕಲ್ಲು ಬಡಿದಾಗ ತಳ ಒಳಕ್ಕೆ ಬಗ್ಗುತ್ತದೆ. ಬೆತ್ತ ಬಗ್ಗಿಸಿದ ಹಾಗೆ. ಆಗ ಕಲ್ಲು ತಾಗಿದ ಹೊರಮೈ ಒತ್ತಿಕೊಳ್ಳುತ್ತದೆ, ದೋಣಿಯ ಒಳಮೈ ಹಿಗ್ಗುತ್ತದೆ. ಹಾಗಾದರೆ ಈ ಬಟ್ಟೆ ಇರಬೇಕಾದದ್ದು ಒಳಗೆ ಅಲ್ವಾ? ಪ್ಲೈವುಡ್ ಸೀಳಿದರೂ ಇದು ಹಿಡಿದುಕೊಂಡು, ದೋಣಿ ದಡಕ್ಕೆ ಬರುವಷ್ಟು ಹೊತ್ತು ನೀರು ತಡೆಯುತ್ತದೆ. ಒಳಗೆ ಉಜ್ಜಾಟವೂ ಕಡಿಮೆ. ಬಿಸಿಲಿಗೆ ಮಾತ್ರ ಇದು ಕೆಡುತ್ತದೆ, ಅದಕ್ಕೆ ಮೇಲೆ ಒಂದು ತೆಳು ಗಾಜು, ಆಮೇಲೆ ಪೇಂಟ್ ಬೇಕು.

ಮೂರೂವರೆ ಮೀಟರಿನಲ್ಲಿ ಅರ್ಧ ಮೀಟರ್ ಉಳಿದಿದೆ. ಪೈಪಿಗೆ ಸುತ್ತಿ, ಕಪ್ಪು ಪ್ಲಾಸ್ಟಿಕ್ ಹಾಕಿ ಅಟ್ಟದ ಮೇಲೆ ಇಟ್ಟಿದ್ದೇನೆ. ಮುಂದಿನ ಭಾನುವಾರ ಭಾವನಿಗೆ ಬಿಡುವಿದೆ. ಆವತ್ತು ಅದು ದೋಣಿಯ ಒಳಗೆ, ಮೂತಿಯ ಹಿಂದೆ, ನಮ್ಮ ಹುಡುಗಿ ಕಾಲು ಇಟ್ಟು ಕೂರುವ ಜಾಗಕ್ಕೆ.